ಮೇಜಿನ ಆಚೆಗೂ ಒಬ್ಬ ದುಡಿಮೆಗಾರ

ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಬೆಳಗಿನ ಬಸ್ಸು ಹಿಡಿದು ಬರುವವರನ್ನು ಒಮ್ಮೆ ನೋಡಿರಿ. ಅವರಲ್ಲಿ ಮಾರುಕಟ್ಟೆಗೆ ಹೊರಟ ಹಮಾಲರಿದ್ದಾರೆ, ಗಿರಣಿಯ ಪಾಳಿಗೆ ಹೊರಟವರಿದ್ದಾರೆ, ಕಿರಾಣಿ ಮಾಲು ತರಲು ಹೊರಟ ಅಂಗಡಿಕಾರರಿದ್ದಾರೆ. ಇವರೆಲ್ಲರ ನಡುವೆ ಪ್ಲಾಸ್ಟಿಕ್ ಚೀಲವೊಂದನ್ನು ಎದೆಗೆ ಅವುಚಿಕೊಂಡು ಕುಳಿತವರು ನಾಲ್ಕಾರು ಮಂದಿ ಇದ್ದೇ ಇರುತ್ತಾರೆ. ಆ ಚೀಲದಲ್ಲಿ ಬುತ್ತಿಯಿಲ್ಲ. ಹೊಲದ ಉತಾರ, ಆಧಾರ ಕಾರ್ಡು, ಪಡಿತರ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ತೀರಿಕೊಂಡ ತಂದೆಯ ಮರಣದ ದಾಖಲೆ, ಇವು ಇವೆ. ಅವರು ದುಡಿಮೆಗೆ ಹೊರಟವರಲ್ಲ, ಕಚೇರಿಗೆ ಹೊರಟವರು. ಅಂದಿನ ಕೂಲಿ ಹೋಯಿತೆಂದೇ ಲೆಕ್ಕ ಹಾಕಿ ಮನೆ ಬಿಟ್ಟವರು.

ಸಂಜೆ ಅದೇ ಬಸ್ಸಿನಲ್ಲಿ ಮರಳುವಾಗ ಪಕ್ಕದವರು ಕೇಳುತ್ತಾರೆ: "ಯಾಕಣ್ಣಾ, ಕೆಲಸ ಆತೇನು?" ಬರುವ ಉತ್ತರ ಬಹಳ ಸಲ ಹೀಗಿರುತ್ತದೆ: "ಸಾಹೇಬ್ರು ಇದ್ರಪಾ, ಬರಿಯಾಂವ ಇರಲಿಲ್ಲ."

ಈ ಮಾತಿನ ಮುಂದೆ ವಾಚಕರು ತುಸು ಹೊತ್ತು ನಿಲ್ಲಬೇಕೆಂದು ನಮ್ಮ ಬಿನ್ನಹ. ಸಾಹೇಬರು ಖುರ್ಚಿಯಲ್ಲಿದ್ದರು, ಫ್ಯಾನು ತಿರುಗುತ್ತಿತ್ತು, ಶಿಕ್ಕೆಯೂ ಮೇಜಿನ ಮೇಲಿತ್ತು. ಆದರೂ ಕೆಲಸ ಆಗಲಿಲ್ಲ. ಅರ್ಜಿಯನ್ನು ಓದಿ, ದಫ್ತರ ತೆಗೆದು, ಹಳೆಯ ನಮೂದಿಗೆ ತಾಳೆ ನೋಡಿ, ಟಿಪ್ಪಣಿ ಬರೆದು ಸಹಿಗೆ ಇಡುವ ಕೈ ಅಲ್ಲಿರಲಿಲ್ಲ. ಸಹಿ ಹಾಕಲು ಒಂದು ಗಳಿಗೆ ಸಾಕು. ಸಹಿ ಹಾಕಲು ತಕ್ಕ ಕಾಗದ ಸಿದ್ಧವಾಗಲು ಒಬ್ಬ ಮನುಷ್ಯನ ಅರ್ಧ ದಿನದ ದುಡಿಮೆ ಬೇಕು. ಕಚೇರಿಯೆಂದರೆ ಬಾಗಿಲ ಮೇಲಿನ ಹೆಸರಿನ ಹಲಗೆಯೆಂದು ತಿಳಿದವರು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರಕಾರವಂತೂ ಹಿಡಿಯುವುದೇ ಇಲ್ಲ.

ಈ ವಾರ ಕಾರಕೂನರ ವಿಷಯವಾಗಿ ಬರೆಯುತ್ತೇವೆಂದಾಗ ನಮ್ಮ ಗೆಳೆಯರೇ ಕೆಲವರು ಹುಬ್ಬು ಗಂಟಿಕ್ಕಿದರು. "ದೇವರು ವರ ಕೊಟ್ಟರೂ ಪೂಜಾರಿ ಬಿಡ ಎಂಬ ಗಾದೆ ಹುಟ್ಟಿದ್ದೇ ಇವರಿಂದ. ನಮ್ಮನ್ನು ತಿರುಗಾಡಿಸುವವರ ಪರವಾಗಿ ನಮ್ಮ ಪತ್ರಿಕೆ ಬರೆಯುವುದೆ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಕೊಡದೆ ನಾವು ಈ ಬರಹವನ್ನು ಮುಗಿಸುವುದಿಲ್ಲ.

ಒಂದು ಅಕ್ಷರದ ತೂಕ

ನಾವು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಶಾಲೆಯ ಹಳೆಯ ದಾಖಲಾತಿ ಪುಸ್ತಕವೊಂದನ್ನು ತಿರುವಿ ಹಾಕಿದ್ದು ಇನ್ನೂ ಕಣ್ಣ ಮುಂದಿದೆ. ಪುಟದ ಮೇಲೆ ಪುಟ, ಹುಡುಗರ ಹುಟ್ಟಿದ ತಾರೀಖು ಜೂನ್ 1! ಊರಿನ ಅರ್ಧ ಮಕ್ಕಳೂ ಒಂದೇ ದಿನ ಹುಟ್ಟಿದರೇನು? ಹಾಗೇನಿಲ್ಲ. ತಾಯಿ ತಂದೆಗೆ ತಾರೀಖು ಗೊತ್ತಿರಲಿಲ್ಲ. "ಕಾರಹುಣ್ಣಿವಿ ಮುಂದ ಹುಟ್ಟ್ಯಾನ್ರಿ" ಎಂದಷ್ಟೇ ಹೇಳಿದರು. ಶಾಲೆ ಆರಂಭವಾಗುವ ಹೊತ್ತಿಗೆ ವಯಸ್ಸು ಸರಿಹೊಂದಲೆಂದು ಮಾಸ್ತರರು ಜೂನ್ 1 ಎಂದು ಬರೆದುಕೊಂಡರು. ಅರ್ಧ ನಿಮಿಷದ ಕೆಲಸ. ಆದರೆ ಆ ಅರ್ಧ ನಿಮಿಷವು ಹುಡುಗನ ಬೆನ್ನು ಬಿಡಲಿಲ್ಲ. ಅವನು ಬೆಳೆದು ಗಿರಣಿ ಸೇರಿದಾಗ ನಿವೃತ್ತಿಯ ದಿನ ಎಣಿಕೆಯಾದದ್ದು ಅದರಿಂದ. ಭವಿಷ್ಯ ನಿಧಿಯ ಕಾಗದಕ್ಕೂ ಆಧಾರ ಕಾರ್ಡಿಗೂ ತಾರೀಖು ತಾಳೆ ಬೀಳದೆ ಅರ್ಜಿ ಮರಳಿ ಬಂದದ್ದು ಅದರಿಂದ. ಸಂಧ್ಯಾ ಸುರಕ್ಷಾ ವೇತನಕ್ಕೆ 65 ವರ್ಷ ತುಂಬಿತೋ ಇಲ್ಲವೋ ಎಂದು ತೀರ್ಮಾನವಾಗುವುದೂ ಅದರಿಂದಲೇ. ಬರೆಯುವ ಕೈ ಏನು ಮಾಡಬಲ್ಲದೆಂಬುದನ್ನು ನಾವು ಕಲಿತದ್ದು ಆ ಪುಸ್ತಕದಿಂದ. ನಾವೂ ಅಂಥ ಲೇಖನಿ ಹಿಡಿದವರೇ ಆದುದರಿಂದ ಇಲ್ಲಿ ಬೇರೆಯವರ ಕಡೆಗಷ್ಟೇ ಬೆರಳು ತೋರಿಸಲಾರೆವು.

ಇನ್ನು ಹೆಸರಿನ ಮಾತು. ಪಡಿತರ ಚೀಟಿಯಲ್ಲಿ ಬಸವ್ವ, ಆಧಾರದಲ್ಲಿ ಬಸಮ್ಮ. ಮನೆಯವರಿಗೆ ಇಬ್ಬರೂ ಒಬ್ಬಳೇ. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ. 2023ರ ಆಗಸ್ಟ್ ತಿಂಗಳಿನಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬರತೊಡಗಿದಾಗ ಇಂಥ ಎಷ್ಟು ಬಸವ್ವಂದಿರು ಕಚೇರಿಯಿಂದ ಕಚೇರಿಗೆ ತಿರುಗಿದರೆಂಬುದು ನಮ್ಮ ವಾಚಕರಿಗೆ ತಿಳಿದದ್ದೇ. ಅದೇ ವರ್ಷ ಮಳೆ ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲ್ಪಟ್ಟವು. ಪರಿಹಾರದ ಮೊದಲ ಕಂತು 2,000 ರೂಪಾಯಿಯವರೆಗೆ 2024ರ ಆರಂಭದಲ್ಲಿ ನೇರವಾಗಿ ಖಾತೆಗೆ ಬಂತು. ಯಾರ ಖಾತೆಗೆ? ಹೊಲದ ಸರ್ವೆ ನಂಬರು, ಆಧಾರ, ಬ್ಯಾಂಕ್ ಖಾತೆ ಮೂರನ್ನೂ 'ಫ್ರೂಟ್ಸ್' ಎಂಬ ಕಂಪ್ಯೂಟರ್ ಪಟ್ಟಿಯಲ್ಲಿ ಯಾರೋ ಒಬ್ಬರು ಸರಿಯಾಗಿ ಜೋಡಿಸಿದ್ದರೆ ಮಾತ್ರ ಬಂತು. ಮಳೆ ಎಲ್ಲರ ಹೊಲಕ್ಕೂ ಸಮನಾಗಿಯೇ ತಪ್ಪಿತ್ತು. ಪರಿಹಾರ ಮಾತ್ರ ನಮೂದು ಸರಿಯಿದ್ದವರ ಪಾಲಾಯಿತು.

ಉತಾರದ ಮಾತಂತೂ ಹೇಳುವುದೇ ಬೇಡ. ಅದರ 3ನೆಯ ಕಾಲಂನಲ್ಲಿ ಹೊಲದ ಒಟ್ಟು ವಿಸ್ತೀರ್ಣ ಇರುತ್ತದೆ, 9ನೆಯ ಕಾಲಂನಲ್ಲಿ ಒಡೆಯರ ಹೆಸರೂ ಅವರವರ ಪಾಲೂ ಇರುತ್ತವೆ. ಎರಡೂ ತಾಳೆ ಬೀಳದಿದ್ದರೆ ಮಾರುವುದು, ಪಾಲು ಮಾಡಿಕೊಳ್ಳುವುದು, ಸಾಲ ಎತ್ತುವುದು ಎಲ್ಲವೂ ತಡೆಯುತ್ತವೆ. ಎರಡು ಗುಂಟೆಯ ತಪ್ಪಿಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳು ನಮ್ಮ ಜಿಲ್ಲೆಯಲ್ಲಿ ಕಡಿಮೆಯಿಲ್ಲ.

ಕಾಯ್ದೆ ಬೆಂಗಳೂರಿನಲ್ಲಿ ಆಗುತ್ತದೆ, ಆದೇಶ ದೇವಗಿರಿಯ ಜಿಲ್ಲಾ ಕಚೇರಿಯಿಂದ ಹೊರಡುತ್ತದೆ. ಆದರೆ ಬಡವನ ಹಕ್ಕು ಹಕ್ಕಾಗುವುದು ಕೆಳಗಿನ ಮೇಜಿನ ಮೇಲೆ, ಒಬ್ಬ ಕಾರಕೂನನ ಬೆರಳ ತುದಿಯಲ್ಲಿ.

ಚಾವಡಿಯ ದಫ್ತರ ಯಾರದು?

ನಮ್ಮ ಪೂರ್ವಿಕರು ಈ ಕೈಯ ಬೆಲೆ ಬಲ್ಲವರಾಗಿದ್ದರು. ಕನ್ನಡ ನಾಡಿನ ಹಲವು ಶಾಸನಗಳ ಕೊನೆಯಲ್ಲಿ ದಾನ ಕೊಟ್ಟ ಅರಸನ ಹೆಸರಿನ ಜತೆಗೆ ಬರೆದವನ ಹೆಸರನ್ನೂ ಕಲ್ಲಿನಲ್ಲಿ ಕಂಡರಿಸಿದವನ ಹೆಸರನ್ನೂ ಕಾಣಬಹುದು. ನಮ್ಮ ರಾಣೆಬೆನ್ನೂರು ತಾಲೂಕಿನ ಚೌಡದಾನಪುರದಲ್ಲಿ, ತುಂಗಭದ್ರೆಯ ದಂಡೆಯ ಮುಕ್ತೇಶ್ವರ ಗುಡಿಯ ಬಳಿ ಅಂಥ ಎತ್ತರದ ಶಾಸನದ ಕಲ್ಲುಗಳು ನಿಂತಿವೆ. ಇಂದು ನಿಮ್ಮ ಕೈಗೆ ಬರುವ ಯಾವ ಕಾಗದದ ಮೇಲಾದರೂ ಅದನ್ನು ಸಿದ್ಧಪಡಿಸಿದವನ ಹೆಸರಿದೆಯೇ ನೋಡಿರಿ.

ಆದರೆ ಬಹುಕಾಲ ಆ ಲೇಖನಿ ಕೆಲವೇ ಮನೆತನಗಳ ಸ್ವತ್ತಾಗಿತ್ತು ಎಂಬುದನ್ನೂ ಮರೆಯಬಾರದು. ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಸೀಮೆಯಲ್ಲಿ ಊರಿನ ಲೆಕ್ಕ ಬರೆಯುವ ಕುಲಕರ್ಣಿಕೆ ತಂದೆಯಿಂದ ಮಗನಿಗೆ ಬರುವ ವತನವಾಗಿತ್ತು. ಹೊಲ ಉಳುವವನಿಗೆ ಓದಲು ಬರುತ್ತಿರಲಿಲ್ಲ, ಬರೆದದ್ದೇ ಬ್ರಹ್ಮಲಿಪಿ. ಮೇಲೆ ಪರಕೀಯರ ದೊರೆತನ. ಹೀಗಾಗಿ ಚಲೇಜಾವ್ ಚಳವಳಿಯ ದಿನಗಳಲ್ಲಿ ಅಂದಿನ ಧಾರವಾಡ ಜಿಲ್ಲೆಯ ಊರೂರಲ್ಲಿ ಜನ ಮೊದಲು ನುಗ್ಗಿದ್ದು ಚಾವಡಿಗೆ, ಬೆಂಕಿ ಹಚ್ಚಿದ್ದು ದಫ್ತರಕ್ಕೆ. ಮೋಟೆಬೆನ್ನೂರಿನ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ್ದು ಕಂದಾಯದ ಹಣವಿಟ್ಟಿದ್ದ ಠಾಣೆಯ ಮೇಲೆ ದಾಳಿ ಮಾಡಿದಾಗ. ಆ ದಫ್ತರ ಜನರದಾಗಿರಲಿಲ್ಲ. ಆದ್ದರಿಂದಲೇ ಅದು ಜನರ ಸಿಟ್ಟಿಗೆ ತುತ್ತಾಯಿತು.

ಸ್ವಾತಂತ್ರ್ಯ ಬಂದ ಮೇಲೆ ದಫ್ತರ ಕೈ ಬದಲಾಯಿಸಿತು. 1950ರ ಕಾಯ್ದೆಯಿಂದ ಮುಂಬಯಿ ರಾಜ್ಯದಲ್ಲಿ ಕುಲಕರ್ಣಿ ವತನ ರದ್ದಾಯಿತು. ಕೆಲವು ಊರುಗಳಿಗೆ ಅದಕ್ಕೂ ಮೊದಲೇ ಸಂಬಳದ ತಲಾಟಿಗಳು ಬಂದಿದ್ದರು. ಏಕೀಕರಣದ ನಂತರ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆಯು ಉಳಿದ ವಂಶಪಾರಂಪರ್ಯದ ಹುದ್ದೆಗಳನ್ನೂ ತೆಗೆದುಹಾಕಿತು. ಪರೀಕ್ಷೆ ಪಾಸಾದ ಯಾವ ಜಾತಿಯ ಹುಡುಗನಾದರೂ, ಮುಂದೆ ಹುಡುಗಿಯೂ, ಊರಿನ ಲೆಕ್ಕ ಬರೆಯುವ ಕಾಲ ಬಂತು. ಇದು ಸಣ್ಣ ಕ್ರಾಂತಿಯೇನೂ ಅಲ್ಲ. 1974ರಲ್ಲಿ ಉಳುವವನೇ ಒಡೆಯನೆಂಬ ಕಾಯ್ದೆ ಜಾರಿಗೆ ಬಂದು ಗೇಣಿದಾರರು ನಮೂನೆ 7 ತುಂಬಿ ನ್ಯಾಯಮಂಡಳಿಗಳ ಮುಂದೆ ನಿಂತಾಗ, ಪಹಣಿಯಲ್ಲಿ ಉಳುಮೆಗಾರನ ಹೆಸರು ಬರೆದಿದ್ದ ಕಾರಕೂನನೇ ಅವರ ದೊಡ್ಡ ಸಾಕ್ಷಿಯಾದನು. ಎಲ್ಲಿ ಬರೆದಿರಲಿಲ್ಲವೋ ಅಲ್ಲಿ ಎಷ್ಟೋ ಜನ ಉತ್ತ ಹೊಲವನ್ನೇ ಕಳೆದುಕೊಂಡರು.

ಸುಮಾರು 2000ನೆಯ ಇಸವಿಯ ಹೊತ್ತಿಗೆ 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು ಎರಡು ಕೋಟಿ ಉತಾರಗಳು ಕಂಪ್ಯೂಟರಿಗೆ ಏರಿದವು. 15 ರೂಪಾಯಿ ಕೊಟ್ಟು ಯಾರ ಕಾಲನ್ನೂ ಹಿಡಿಯದೆ ಉತಾರ ಪಡೆಯುವಂತಾದದ್ದು ಒಳ್ಳೆಯದೇ ಆಯಿತು, ಅದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಯಂತ್ರ ಬಂದೊಡನೆ ಮನುಷ್ಯನ ಅವಶ್ಯಕತೆ ತೀರಿತೆಂದು ಮೇಲಿನವರು ತಿಳಿದದ್ದು ತಪ್ಪು. ಕಂಪ್ಯೂಟರು ತಾನಾಗಿ ಹೊಲ ನೋಡಿಬರುವುದಿಲ್ಲ, ಬಸವ್ವನೂ ಬಸಮ್ಮನೂ ಒಬ್ಬಳೇ ಎಂದು ತಿಳಿದುಕೊಳ್ಳುವುದಿಲ್ಲ.

ಒಬ್ಬನ ತಲೆಯ ಮೇಲೆ ಹತ್ತು ಗಂಟು

ಈಗ ಆ ಮೇಜಿನ ಆಚೆ ಏನಿದೆಯೆಂದು ನೋಡೋಣ. ಗ್ರಾಮ ಲೆಕ್ಕಿಗನಿಗೆ ಈಗ ಗ್ರಾಮ ಆಡಳಿತ ಅಧಿಕಾರಿಯೆಂಬ ದೊಡ್ಡ ಹೆಸರು ಬಂದಿದೆ. ಹೆಸರು ಹಿಗ್ಗಿದಂತೆ ಹೊರೆಯೂ ಹಿಗ್ಗಿದೆ. ಬೆಳೆ ಹಾನಿಯ ಸಮೀಕ್ಷೆ, ವಾರಸಾ, ಜಾತಿ ಆದಾಯದ ದಾಖಲೆಗಳ ವಿಚಾರಣೆ, ಪಿಂಚಣಿ, ಚುನಾವಣೆ, ಆಧಾರ ಜೋಡಣೆ, ಒಂದೊಂದಕ್ಕೂ ಒಂದೊಂದು ಮೊಬೈಲ್ ಆ್ಯಪು. 2024ರ ಸೆಪ್ಟೆಂಬರಿನಲ್ಲಿ ಈ ನೌಕರರು ರಾಜ್ಯದಾದ್ಯಂತ ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. 2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹೂಡಿದರು. ಅವರು ಕೇಳಿದ್ದು ಬಂಗಲೆಯನ್ನಲ್ಲ. ಕೂಡ್ರಲು ಕಚೇರಿ, ಕುರ್ಚಿ ಮೇಜು, ಕೆಲಸಕ್ಕೆ ತಕ್ಕ ಕಂಪ್ಯೂಟರು, ಆ್ಯಪುಗಳ ಒತ್ತಡದಿಂದ ಬಿಡುವು, ಇವನ್ನು. 2024ರಲ್ಲಿ ಈ ಹುದ್ದೆಯ 1,000 ಜಾಗಗಳಿಗೆ ಅರ್ಜಿ ಕರೆದಾಗ ಲಕ್ಷಗಟ್ಟಲೆ ಅರ್ಜಿಗಳು ಬಂದು ಬಿದ್ದವು. ಕಲಿತ ಕೈಗಳು ಇವೆ, ಮಾಡಬೇಕಾದ ಕೆಲಸವೂ ಇದೆ. ನಡುವಿನ ಬಾಗಿಲಿಗೆ ಅಗಳಿ ಹಾಕಿದವರು ಯಾರು?

ಪಂಚಾಯಿತಿ ಕಚೇರಿಯ ಸ್ಥಿತಿ ಇದಕ್ಕಿಂತ ಕೆಳಗಿನದು. ಅಲ್ಲಿ ಬಿಲ್ ಕಲೆಕ್ಟರ್ ಇದ್ದಾನೆ, ಕ್ಲರ್ಕೂ ಹೌದು ಡಾಟಾ ಎಂಟ್ರಿ ಆಪರೇಟರೂ ಹೌದು ಎಂಬ ಎರಡು ಹೆಸರಿನ ಒಂದೇ ಜೀವವಿದೆ, ಜವಾನನಿದ್ದಾನೆ, ನೀರುಗಂಟಿ ಇದ್ದಾನೆ. ಮನೆಯ ಕರ, ನೀರಿನ ಬಾಕಿ, ಉದ್ಯೋಗ ಖಾತರಿಯ ಹಾಜರಿ, 2013ರಿಂದ ಬಂದ ಇ-ಸ್ವತ್ತಿನ ನಮೂನೆ 9 ಮತ್ತು 11, ಎಲ್ಲವೂ ಇವರ ಕೈ ದಾಟಿಯೇ ಹೋಗಬೇಕು. ಸಣ್ಣ ಅಂಗಡಿಕಾರನು ಜಾಗದ ಮೇಲೆ ಬ್ಯಾಂಕಿನ ಸಾಲ ಎತ್ತಬೇಕಾದರೆ ಆ ನಮೂನೆ ಬೇಕೇ ಬೇಕು. ಹೀಗಿದ್ದೂ ಈ ನೌಕರರ ಸಂಬಳ ತಿಂಗಳುಗಟ್ಟಲೆ ಬಾಕಿ ನಿಲ್ಲುವುದು ರಾಜ್ಯದ ಪಂಚಾಯಿತಿಗಳಲ್ಲಿ ಹಳೆಯ ದೂರು. ಊರಿನ ಕರ ಎತ್ತುವವನ ಮನೆಯಲ್ಲೇ ಒಲೆ ಹೊತ್ತದಿದ್ದರೆ ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಹಳೆಯ ವಾಲೀಕಾರ ತಳವಾರರ ಜಾಗದಲ್ಲಿ ದುಡಿಯುವ ಗ್ರಾಮ ಸಹಾಯಕರಿಗೆ ಇಂದಿಗೂ ಸಂಬಳವೆಂಬ ಮಾತಿಲ್ಲ, ಗೌರವಧನವೆಂಬ ಮಾತಿದೆ. ದುಡಿಮೆ ಪೂರ್ತಿಯದು, ಗೌರವ ಮಾತ್ರ ಅರೆಯದು.

ಮೇಲಿನ ಕಚೇರಿಗಳಲ್ಲಿ ಹೊರಗುತ್ತಿಗೆಯ ಪದ್ಧತಿ ಬೇರೂರಿದೆ. ಪಕ್ಕಪಕ್ಕದ ಎರಡು ಖುರ್ಚಿಗಳಲ್ಲಿ ಒಂದೇ ಕೆಲಸ ಮಾಡುವವರಲ್ಲಿ ಒಬ್ಬನು ಕಾಯಂ, ಇನ್ನೊಬ್ಬನು ಗುತ್ತಿಗೆದಾರನ ಆಳು. ಅವನಿಗೆ ನಾಳೆಯ ಭರವಸೆಯಿಲ್ಲ. ನಾಳೆಯ ಭರವಸೆಯಿಲ್ಲದವನ ಕೈಗೆ ನಾವು ನಮ್ಮ ಮಕ್ಕಳ ಹುಟ್ಟಿದ ತಾರೀಖನ್ನೂ ಹೊಲದ ಸರ್ವೆ ನಂಬರನ್ನೂ ಒಪ್ಪಿಸಿದ್ದೇವೆ.

ಗೆಳೆಯರ ಪ್ರಶ್ನೆಗೆ ಉತ್ತರ

ಕಚೇರಿಯಲ್ಲಿ ಲಂಚವಿಲ್ಲವೆಂದು ನಾವು ಹೇಳಿದರೆ ವಾಚಕರು ನಕ್ಕಾರು. ಇದೆ. ಟಿಪ್ಪಣಿ ಬರೆಯಲು ಕೈ ಚಾಚುವವರಿದ್ದಾರೆ, ಬೇಕೆಂದೇ ಒಂದು ಕಾಗದ ಕಡಿಮೆಯೆಂದು ಹೇಳಿ ಮರುದಿನ ಬರಹೇಳುವವರಿದ್ದಾರೆ, ಖಾದಿ ಅಂಗಿಯವನು ಬಂದರೆ ಎದ್ದು ನಿಂತು ಮಾಸಿದ ಧೋತರದವನು ಬಂದರೆ ತಲೆ ಎತ್ತದವರಿದ್ದಾರೆ. ಇಂಥವರನ್ನು ಕ್ಷಮಿಸುವ ಪ್ರಶ್ನೆಯೇ ಇಲ್ಲ. ಬಡತನ ಲಂಚಕ್ಕೆ ನೆವವಾಗಲಾರದು. ಹಾಗಿದ್ದರೆ ದಿನವಿಡೀ ಚೀಲ ಹೊರುವ ಹಮಾಲನು ಎಲ್ಲರಿಗಿಂತ ದೊಡ್ಡ ಲಂಚಕೋರನಾಗಬೇಕಿತ್ತು.

ಆದರೆ ಪೂಜಾರಿಯನ್ನು ಬಯ್ಯುವುದರಲ್ಲೇ ಹೊತ್ತು ಕಳೆದರೆ ಗುಡಿಯ ಬೀಗ ಯಾರ ಸೊಂಟದಲ್ಲಿದೆಯೆಂಬುದು ಮರೆತುಹೋಗುತ್ತದೆ. ನಾಲ್ವರ ಕೆಲಸಕ್ಕೆ ಒಬ್ಬನನ್ನು ಕೂಡ್ರಿಸಿ ಸರದಿಯನ್ನು ಉದ್ದ ಮಾಡಿದವರು ಕಾರಕೂನರಲ್ಲ. ಸರದಿ ಉದ್ದವಾದಲ್ಲಿ ಲಂಚ ಮೊಳೆಯುತ್ತದೆ. ಮೊದಲು ನಿಂತವನನ್ನು ಹಿಂದಕ್ಕೆ ಸರಿಸುವ ಅಧಿಕಾರವೇ ಮಾರಾಟದ ಸರಕಾಗುತ್ತದೆ. ಖಾಲಿ ಹುದ್ದೆ ತುಂಬಿದರೆ ಸರದಿ ಕರಗುತ್ತದೆ, ಸರದಿ ಕರಗಿದರೆ ಆ ಸರಕಿಗೆ ಗಿರಾಕಿ ಇರುವುದಿಲ್ಲ.

2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ನಡೆದದ್ದನ್ನು ನೆನೆಯಿರಿ. ಮೆಣಸಿನಕಾಯಿಯ ದರ ಕುಸಿಯಿತೆಂದು ರೊಚ್ಚಿಗೆದ್ದ ರೈತರ ಸಿಟ್ಟು ಎಪಿಎಂಸಿ ಆಡಳಿತ ಕಚೇರಿಯ ಮೇಲೆ ತಿರುಗಿತು. ಕಲ್ಲುಗಳು ಬಿದ್ದವು, ವಾಹನಗಳು ಸುಟ್ಟವು. ರೈತನ ಹೊಟ್ಟೆಯ ಉರಿ ನಮಗೆ ಅರ್ಥವಾಗುತ್ತದೆ. ಆದರೆ ದರವನ್ನು ಕಟ್ಟಿದವನು ಆ ಕಚೇರಿಯ ಕಾರಕೂನನಲ್ಲ. 1943ರಲ್ಲಿ ದಫ್ತರ ದೊರೆಯದಾಗಿತ್ತು. ಇಂದು ಅದರಲ್ಲಿರುವುದು ನಮ್ಮದೇ ಲೆಕ್ಕ. ನಮ್ಮ ದಫ್ತರವನ್ನು ನಾವೇ ಸುಟ್ಟರೆ ಲಾಭ ಯಾರಿಗೆಂದು ತಂಪು ಹೊತ್ತಿನಲ್ಲಿ ಯೋಚಿಸಬೇಕು.

ಗಿರಣಿಯ ಅಣ್ಣಂದಿರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಮ್ಮ ನೆರೆಯ ದಾವಣಗೆರೆಯಲ್ಲಿ ಒಂದು ಕಾಲಕ್ಕೆ ಬತ್ತಿಗಳ ಹೊಗೆ ಕಾಣುತ್ತಿದ್ದ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದುದನ್ನು ನೀವು ಬಲ್ಲಿರಿ. 1972ರ ಗ್ರ್ಯಾಚ್ಯುಟಿ ಕಾಯ್ದೆಯಂತೆ ಐದು ವರ್ಷ ದುಡಿದವನಿಗೆ ವರ್ಷಕ್ಕೆ 15 ದಿನದ ಸಂಬಳದ ಲೆಕ್ಕದಲ್ಲಿ ಹಣ ಬರಬೇಕಿತ್ತು. ಗಿರಣಿ ಮುಚ್ಚಿದ ಮೇಲೆ ಎಷ್ಟು ವರ್ಷ ದುಡಿದೆನೆಂದು ತೋರಿಸುವುದು ಹೇಗೆ? ಮಗ್ಗ ಸಾಕ್ಷಿ ಹೇಳುವುದಿಲ್ಲ. ಹಾಜರಿ ಪುಸ್ತಕ ಹೇಳುತ್ತದೆ. ಟೈಂ ಆಫೀಸಿನ ಗುಮಾಸ್ತನು ನೆಟ್ಟಗೆ ಬರೆದಿದ್ದರೆ ಬದುಕು, ಮಾಲೀಕನ ಮಾತಿಗೆ ತಿದ್ದಿದ್ದರೆ ಬೀದಿ. ಆ ಗುಮಾಸ್ತನನ್ನು ಸಂಘದ ಹೊರಗೆ ನಿಲ್ಲಿಸಿ ಮಾಲೀಕನ ಮನುಷ್ಯನೆಂದು ದೂರ ತಳ್ಳಿದವರು ನಾವೇ ಅಲ್ಲವೆ? ಬಿಳಿಯ ಅಂಗಿ ತೊಟ್ಟ ಮಾತ್ರಕ್ಕೆ ಅವನೂ ಮೇಲಿನವನಾದನೆಂದು ಅವನೂ ತಿಳಿದ, ನಾವೂ ತಿಳಿದೆವು. ಅವನನ್ನು ಮನೆಗೆ ಕಳಿಸಿದ ದಿನ ಇಬ್ಬರ ಕಣ್ಣೂ ತೆರೆಯಿತು.

ಅಂಗಡಿಕಾರ ಬಂಧುಗಳಿಗೂ ಒಂದು ಮಾತು, ಮುನಿಯಬೇಡಿ. ನಿಮ್ಮ ಅಡತಿಯಲ್ಲಿ ಕೀರ್ದಿ ಖತಾವಣಿ ಬರೆಯುವ ಹುಡುಗನೂ ಕಾರಕೂನನೇ. ರೈತನ ಪಟ್ಟಿ, ಹಮಾಲರ ಚೀಲದ ಎಣಿಕೆ, ಜಿಎಸ್‌ಟಿಯ ಲೆಕ್ಕ ಎಲ್ಲವೂ ಅವನ ಮೇಲೆ ನಿಂತಿವೆ. ವಾರಕ್ಕೊಂದು ರಜೆ ಕೊಡಬೇಕೆಂದು 1961ರ ಅಂಗಡಿಗಳ ಕಾಯ್ದೆ ಹೇಳುತ್ತದೆ. ಸರಕಾರಿ ಕಚೇರಿಯಲ್ಲಿ ನ್ಯಾಯ ಕೇಳುವ ನಾವು ನಮ್ಮ ಗಲ್ಲೆಯ ಪಕ್ಕದಲ್ಲಿ ಕುಳಿತವನಿಗೆ ಅದನ್ನು ಕೊಟ್ಟಿದ್ದೇವೆಯೇ?

ನಾವು ಕೇಳುವುದೇನು?

ಒಂದನೆಯದು, ನಾಡ ಕಚೇರಿ, ಪಂಚಾಯಿತಿ, ತಾಲೂಕು ಕಚೇರಿಗಳಲ್ಲಿ ಖಾಲಿಯಿರುವ ಬರೆಯುವವರ ಹುದ್ದೆಗಳನ್ನು ಸರಕಾರ ಕಾಯಂ ಆಗಿ ತುಂಬಬೇಕು. ಪ್ರತಿ ಕಚೇರಿಯ ಬಾಗಿಲಲ್ಲಿ ಎಷ್ಟು ಹುದ್ದೆ ಮಂಜೂರು, ಎಷ್ಟು ಖಾಲಿ ಎಂದು ಬರೆದು ಹಾಕಬೇಕು.

ಎರಡನೆಯದು, ಒಂದೇ ಕೆಲಸಕ್ಕೆ ಒಂದೇ ಸಂಬಳ, ಅದೂ ತಿಂಗಳ ತಿಂಗಳಿಗೆ. ಪಂಚಾಯಿತಿ ನೌಕರನ ಬಾಕಿ ಮೊದಲು ತೀರಬೇಕು, ಸಮಾರಂಭದ ಪೆಂಡಾಲು ಆಮೇಲೆ.

ಮೂರನೆಯದು, ಕಾಗದ ಸಿದ್ಧಪಡಿಸಿದ ನೌಕರನ ಹೆಸರೂ ಆ ಕಾಗದದ ಮೇಲೆ ಇರಬೇಕು. ನೆಟ್ಟಗೆ ಮಾಡಿದವನಿಗೆ ಮಾನ ಬರಲಿ, ಕೆಡಿಸಿದವನು ಉತ್ತರ ಹೇಳಲಿ. ಶಾಸನದ ಕಲ್ಲಿಗೆ ಸಾಧ್ಯವಾದದ್ದು ಕಂಪ್ಯೂಟರಿಗೆ ಅಸಾಧ್ಯವೇನಲ್ಲ.

ನಾಲ್ಕನೆಯದು ನಮ್ಮ ಕೈಯಲ್ಲೇ ಇರುವುದು. 2012ರಿಂದ ಸಕಾಲ ಕಾಯ್ದೆ ಜಾರಿಯಲ್ಲಿದೆ. ಅರ್ಜಿ ಕೊಟ್ಟೊಡನೆ ಸಕಾಲ ನಂಬರಿನ ಚೀಟಿ ಕೇಳಿ ಪಡೆಯಿರಿ. ಗೊತ್ತಾದ ದಿನದೊಳಗೆ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಹಣ ಸಣ್ಣದು, ಆದರೆ ಕೇಳುವ ಬಾಯಿ ದೊಡ್ಡದು. ಗ್ರಾಮಸಭೆ ಸೇರಿದಾಗ ರಸ್ತೆ ಗಟಾರದ ಜತೆಗೆ "ನಮ್ಮ ಪಂಚಾಯಿತಿಯಲ್ಲಿ ಬರೆಯುವವರೆಷ್ಟು, ಅವರಿಗೆ ಸಂಬಳ ಬಂತೆ?" ಎಂದೂ ಎದ್ದು ನಿಂತು ಕೇಳಿರಿ. ನಿಮ್ಮ ಪರವಾಗಿ ಜನ ಕೇಳಿದರೆಂದು ಆ ಮೇಜಿನ ಆಚೆಯವನಿಗೆ ತಿಳಿದ ದಿನ ಅವನು ತಲೆ ಎತ್ತಿ ನಿಮ್ಮ ಮುಖ ನೋಡುತ್ತಾನೆ.

ಕಾರಕೂನ ಬಂಧುಗಳಿಗೆ ಕೊನೆಯದಾಗಿ ಒಂದು ಮಾತು. ನೀವು ಸಣ್ಣ ಸಾಹೇಬರಲ್ಲ, ದೊಡ್ಡ ದುಡಿಮೆಗಾರರು. ಚೀಲ ಅವುಚಿಕೊಂಡು ನಿಮ್ಮೆದುರು ನಿಂತವನು ಅಂದಿನ ಕೂಲಿಯನ್ನು ನಿಮ್ಮ ಮೇಜಿನ ಮೇಲಿಟ್ಟೇ ನಿಂತಿರುತ್ತಾನೆ. "ನಾಳೆ ಬಾ" ಎನ್ನುವ ಮೊದಲು ಅದನ್ನು ಒಂದು ಸಲ ಎಣಿಸಿ ನೋಡಿರಿ. ನಿಮ್ಮ ಮುಷ್ಕರದ ಪೆಂಡಾಲಿಗೆ ನಾಳೆ ಬಂದು ಕೂಡುವವನೂ ಅವನೇ.

ಮೇಡ್ಲೇರಿಯ ಸಂಜೆಯ ಬಸ್ಸಿನಲ್ಲಿ "ಕೆಲಸ ಆತೇನು?" ಎಂಬ ಪ್ರಶ್ನೆಗೆ "ಆತಪಾ, ಬರಿಯಾಂವ ಛಲೋ ಮನಶ್ಯಾ ಅದಾನ" ಎಂಬ ಉತ್ತರ ಕೇಳಿಬರಬೇಕು. ಅದು ದಾನವಾಗಿ ಬರುವುದಿಲ್ಲ. ಮೇಜಿನ ಈಚೆಯವರೂ ಆಚೆಯವರೂ ಒಂದಾಗಿ ಕೇಳಿದರೆ ಬರುತ್ತದೆ.